ನರ್ಸ್ ಮತ್ತೆ ಕಲಿತರೆ ಲಾಭ ಯಾರಿಗೆ?



ನಿಮ್ಮ ಮನೆಯಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ ಕಂಡರೆ ನೀವು ಮೊದಲು ಯಾರಿಗೆ ಹೇಳುತ್ತೀರಿ? ದಯವಿಟ್ಟು ಪುಟ ತಿರುಗಿಸಬೇಡಿ. ಇದು ನಾಲ್ಕು ಜನರ ನಡುವೆ ಆಡುವ ಮಾತಲ್ಲ ಎಂಬುದು ನನಗೂ ಗೊತ್ತು. ಆದರೆ ನಮ್ಮ ಹೆಂಗಸರಲ್ಲಿ ಬಹಳಷ್ಟು ಮಂದಿ ಇದನ್ನು ಯಾರಿಗೂ ಹೇಳುವುದಿಲ್ಲ. ಗಂಡನಿಗೆ ಹೇಳಲು ಸಂಕೋಚ, ಮಗನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಿದರೆ ಓಣಿಯೆಲ್ಲ ಸುದ್ದಿಯಾದೀತೆಂಬ ಭಯ. ಕೊನೆಗೊಂದು ದಿನ ಮೊಮ್ಮಗನ ಕೈಗೆ ನೂರು ರೂಪಾಯಿ ಕೊಟ್ಟು, "ಮೆಡಿಕಲ್‌ಗೆ ಹೋಗಿ ಮೂಲವ್ಯಾಧಿ ಮುಲಾಮು ತಗೊಂಡು ಬಾ" ಎಂದು ಕಳುಹಿಸುತ್ತಾರೆ. ಹುಡುಗ ಹೋಗುತ್ತಾನೆ, ಅಂಗಡಿಯವರು ಕೊಡುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಕೆಲವರ ಪಾಲಿಗೆ ಎಲ್ಲ ಶುರುವಾಗುವುದೇ ಅಲ್ಲಿಂದ.

ನಾನು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿರುವವಳು. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. "ನರ್ಸ್ ಬಾಯಿ, ನಿಮಗೆ ನೌಕರಿ ಸಿಕ್ಕಾಯಿತು, ಇನ್ನೇಕೆ ತರಬೇತಿ, ಇನ್ನೇಕೆ ಪುಸ್ತಕ?" ಎಂದು ನೆರೆಹೊರೆಯವರು ಕೇಳುತ್ತಾರೆ. ರಜೆಯ ದಿನ ಮನೆ ಬಿಟ್ಟು ಹುಬ್ಬಳ್ಳಿಗೆ ತರಬೇತಿಗೆ ಹೊರಟಾಗ ಮನೆಯವರ ಮುಖದಲ್ಲೂ ಅದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಲೆಂದೇ ಈ ಬರಹ. ನರ್ಸ್ ಮತ್ತು ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಮತ್ತೆ ಮತ್ತೆ ಕಲಿಯುವುದು ಅವರ ನೌಕರಿಗಷ್ಟೇ ಸಂಬಂಧಿಸಿದ ವಿಷಯವಲ್ಲ, ನಿಮ್ಮ ಮನೆಯ ವಿಷಯ.

ಮಗ್ಗದ ಮುಂದೆ ಕುಳಿತ ಖಾಲಾ

ನವಲಗುಂದದ ಜಮಖಾನದ ಹೆಸರು ನೀವು ಕೇಳಿರಬಹುದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಜಮಖಾನಗಳನ್ನು ನೇಯುವವರು ಬಹುತೇಕ ನಮ್ಮ ಸಮುದಾಯದ ಹೆಂಗಸರು. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅವರಲ್ಲೊಬ್ಬರು. ಬೆಳಿಗ್ಗೆ ಅಡುಗೆ ಮುಗಿಸಿ ಮಗ್ಗದ ಮುಂದೆ ಕುಳಿತರೆ ಅಸರ್ ಅಝಾನ್ ಕೇಳುವ ತನಕ ಏಳುತ್ತಿರಲಿಲ್ಲ. ದಿನವಿಡೀ ಕುಳಿತು ಮಾಡುವ ಕೆಲಸಕ್ಕೆ ಮೂಲವ್ಯಾಧಿ ಬರುವುದು ಸಹಜ ಎಂಬ ನಂಬಿಕೆ ಅವರ ಓಣಿಯಲ್ಲಿತ್ತು. ಹಾಗಾಗಿ 2022ರಲ್ಲಿ ಮೊದಲ ಬಾರಿ ರಕ್ತ ಕಂಡಾಗ ಖಾಲಾ ಬೆಚ್ಚಿ ಬೀಳಲಿಲ್ಲ. ಇದು ಮಗ್ಗದ ಕೊಡುಗೆ ಎಂದುಕೊಂಡರು.

ಮುಲಾಮು ಬಂತು. ಆಮೇಲೆ ಮಲಬದ್ಧತೆಗೆ ಚೂರ್ಣ ಬಂತು. "ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ" ಎಂದು ಗೋಡೆಯ ಮೇಲೆ ಬರೆಸಿಕೊಂಡ, ಯಾವ ಪದವಿಯೂ ಇಲ್ಲದ ಒಬ್ಬರು ಒಂದಿಷ್ಟು ಹಣ ತೆಗೆದುಕೊಂಡು ಇಂಜೆಕ್ಷನ್ ಕೊಟ್ಟರು. ಎಂಟು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಖಾಲಾಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿತ್ತು. ಶೌಚಕ್ಕೆ ಹೋಗಿ ಬಂದರೂ ಹೊಟ್ಟೆ ಖಾಲಿಯಾಗಿಲ್ಲ ಎಂಬ ಭಾವನೆ. ಇದ್ಯಾವುದನ್ನೂ ಅವರು ನಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ತಂಗಿಯ ಮಗಳ ಮದುವೆಯಲ್ಲಿ ತಲೆಸುತ್ತಿ ಬಿದ್ದ ಮೇಲೆ. ಹುಬ್ಬಳ್ಳಿಗೆ ಕರೆದೊಯ್ದೆವು. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದರು. ಒಂದೇ ನಿಮಿಷದ ಪರೀಕ್ಷೆ. ಗಡ್ಡೆ ಬೆರಳಿಗೆ ಸಿಕ್ಕಿತು. ಆಮೇಲೆ ಕೊಲೊನೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್. ಗುದನಾಳದ ಕ್ಯಾನ್ಸರ್!

ಎಂಟು ತಿಂಗಳು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಎಂಟು ತಿಂಗಳಲ್ಲಿ ಖಾಲಾ ಮನೆಯಿಂದ ಹೊರಟ ಚೀಟಿ ಕನಿಷ್ಠ ಹತ್ತು ಬಾರಿ ಔಷಧಿ ಅಂಗಡಿಯ ಮೇಜಿನ ಮೇಲೆ ಕುಳಿತಿತ್ತು. ಆಶಾ ಕಾರ್ಯಕರ್ತೆ ಹಲವು ಬಾರಿ ಬಾಗಿಲ ಮುಂದೆ ಹಾದು ಹೋಗಿದ್ದಳು. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ, ಕೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಕ್ಯಾನ್ಸರ್

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಮೂರನೆಯದು, ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 19 ಲಕ್ಷ ಜನರಿಗೆ, ಭಾರತದಲ್ಲಿ ಸುಮಾರು 70 ಸಾವಿರ ಜನರಿಗೆ ಈ ರೋಗ ಹೊಸದಾಗಿ ಪತ್ತೆಯಾಯಿತು. ನಮ್ಮ ದೇಶದಲ್ಲಿ ನಲವತ್ತರ ಆಸುಪಾಸಿನವರಲ್ಲೂ, ಅದಕ್ಕಿಂತ ಚಿಕ್ಕವರಲ್ಲೂ ಇದು ಕಾಣಿಸುತ್ತಿದೆ. ಆದ್ದರಿಂದ "ಇದು ಮುದುಕರ ರೋಗ" ಎಂದು ಸುಮ್ಮನಿರುವಂತಿಲ್ಲ.

2016ರಿಂದ ನಮ್ಮ ಹಳ್ಳಿಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆಯ ಜೊತೆ ಕ್ಯಾನ್ಸರ್ ತಪಾಸಣೆಯನ್ನೂ ಮಾಡುವ ಕಾರ್ಯಕ್ರಮ ಬಂದಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅದರಲ್ಲಿರುವುದು ಮೂರು ಕ್ಯಾನ್ಸರ್ ಮಾತ್ರ: ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳು. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿ ಇಲ್ಲ. ಎಂದರೆ ಸರಕಾರದ ಯಾವ ಫಾರಂ ಕೂಡ ಇದನ್ನು ತಾನಾಗಿ ಹುಡುಕಿಕೊಂಡು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಹುಡುಕಬೇಕಾದವರು ರೋಗಿ, ಮನೆಯವರು ಮತ್ತು ಹತ್ತಿರದಲ್ಲಿರುವ ನರ್ಸ್, ಫಾರ್ಮಸಿಸ್ಟ್.

ಈ ರೋಗದಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಬಹುಪಾಲು ಕರುಳಿನ ಕ್ಯಾನ್ಸರ್‌ಗಳು ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತವೆ. ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಹಿಡಿಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಆ ಗಂಟನ್ನು ಕಂಡು ತೆಗೆದುಹಾಕಿದರೆ ಕ್ಯಾನ್ಸರ್ ಬರುವುದನ್ನೇ ತಡೆಯಬಹುದು. ಬೇಗ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಅಲ್ಲಾಹನು ಇಷ್ಟು ಕಾಲಾವಕಾಶ ಕೊಟ್ಟಿರುವಾಗ ನಾವು ಅದನ್ನು ನಾಚಿಕೆಯಲ್ಲಿ ಕಳೆದುಬಿಡುವುದು ಸರಿಯೇ?

ಗಂಜಿ ತುಂಬಿದ ಚೀಲ

ಖಾಲಾಗೆ ರೇಡಿಯೇಷನ್ ಆಯಿತು, ಆಮೇಲೆ ಶಸ್ತ್ರಚಿಕಿತ್ಸೆ. ಗಡ್ಡೆ ತೀರ ಕೆಳಗಿದ್ದುದರಿಂದ ಗುದದ್ವಾರವನ್ನೇ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರತಂದರು. ಇದನ್ನು ಕೊಲೊಸ್ಟಮಿ ಎನ್ನುತ್ತಾರೆ. ಆ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಅದಕ್ಕೆ ಚೀಲ ಅಂಟಿಸಬೇಕು, ಜೀವನಪೂರ್ತಿ.

ನಾನು ಓದಿದ ಕಾಲದಲ್ಲಿ ನಮ್ಮ ನರ್ಸಿಂಗ್ ಪಠ್ಯದಲ್ಲಿ ಕೊಲೊಸ್ಟಮಿಗೆ ಎರಡು ಪುಟ ಇತ್ತು. ಚಿತ್ರ ಬಿಡಿಸಿದರೆ ಐದು ಅಂಕ. ನಿಜವಾದ ಚೀಲವನ್ನು ತರಗತಿಯಲ್ಲಿ ಯಾರೂ ತೋರಿಸಿರಲಿಲ್ಲ. ಹಳ್ಳಿಯ ಆಸ್ಪತ್ರೆಯಲ್ಲಿ ಇಂತಹ ರೋಗಿ ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಹಾಗಾಗಿ ಹುಬ್ಬಳ್ಳಿಯಲ್ಲಿ ನರ್ಸ್‌ಗಳಿಗೂ ಫಾರ್ಮಸಿಸ್ಟ್‌ಗಳಿಗೂ ಒಟ್ಟಿಗೆ ಒಂದು ದಿನದ ತರಬೇತಿ ಇದೆ ಎಂದು ತಿಳಿದ ಕೂಡಲೇ ಹೆಸರು ಕೊಟ್ಟೆ. ಅಣ್ಣಿಗೇರಿಯಿಂದ, ಕಲಘಟಗಿಯಿಂದ, ನವಲಗುಂದದಿಂದ ಬೆಳಗಿನ ಬಸ್ಸು ಹಿಡಿದು ಬಂದವರಿದ್ದರು. ಕೆಲವರ ಮಡಿಲಲ್ಲಿ ಮಗುವೂ ಇತ್ತು.

ಅಲ್ಲಿನ ಸ್ಟೋಮಾ ನರ್ಸ್ ಮಾಡಿಸಿದ ಮೊದಲ ಕೆಲಸ ಕೇಳಿ. ನಮಗೆಲ್ಲ ಒಂದೊಂದು ಚೀಲ ಕೊಟ್ಟು, ಅದರಲ್ಲಿ ತೆಳು ಗಂಜಿ ತುಂಬಿಸಿ, ಹೊಟ್ಟೆಗೆ ಅಂಟಿಸಿಕೊಳ್ಳಲು ಹೇಳಿದರು. "ಸಂಜೆಯವರೆಗೆ ತೆಗೆಯಬಾರದು. ಇದರೊಂದಿಗೇ ಊಟ ಮಾಡಿ, ಮೆಟ್ಟಿಲು ಹತ್ತಿ, ನಮಾಝ್ ಮಾಡುವವರು ನಮಾಝ್ ಮಾಡಿ" ಎಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ನಗೆ ನಿಂತಿತು. ಸುಜೂದ್‌ಗೆ ಬಾಗಿದಾಗ ಚೀಲ ಒತ್ತುತ್ತದೆ, ಎಲ್ಲಿ ಒಡೆಯುತ್ತದೋ ಎಂದು ಜೀವ ನಡುಗುತ್ತದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೇ ಎಂದು ಕಣ್ಣು ಅತ್ತಿತ್ತ ಹೊರಳುತ್ತದೆ. ಖಾಲಾ ಮದುವೆ ಮನೆಗಳಿಗೆ ಹೋಗುವುದನ್ನು ಏಕೆ ಬಿಟ್ಟರು ಎಂಬುದು ಆ ದಿನ ನನಗೆ ಪುಸ್ತಕವಿಲ್ಲದೆ ಅರ್ಥವಾಯಿತು.

ಈ ವಿದ್ಯೆ ಹುಟ್ಟಿದ್ದು ಕೂಡ ಹೀಗೆಯೇ, ರೋಗಿಯೊಬ್ಬರ ಅನುಭವದಿಂದ. ಅಮೆರಿಕದ ಓಹಾಯೊ ರಾಜ್ಯದ ನಾರ್ಮಾ ಗಿಲ್ ನರ್ಸ್ ಆಗಿರಲಿಲ್ಲ. ಕರುಳಿನ ಕಾಯಿಲೆಯಿಂದ ಅವರಿಗೇ ಹೊಟ್ಟೆಯ ಮೇಲೆ ಸ್ಟೋಮಾ ಆಗಿತ್ತು. ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಅವರನ್ನು ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಕರೆಸಿಕೊಂಡು, ಇತರ ರೋಗಿಗಳಿಗೆ ಕಲಿಸುವ ಕೆಲಸ ಕೊಟ್ಟರು. 1961ರಲ್ಲಿ ಅಲ್ಲೇ ಈ ವಿಷಯದ ಮೊದಲ ಶಾಲೆ ಶುರುವಾಯಿತು. ಇಂದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೂ ನರ್ಸ್‌ಗಳು ಇದನ್ನು ವಿಶೇಷ ವಿಷಯವಾಗಿ ಕಲಿಯುತ್ತಾರೆ.

ನರ್ಸ್ ಕಲಿತರೆ ಬದಲಾಗುವುದೇನು?

ಸ್ಟೋಮಾ ಎಲ್ಲಿ ಬರಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಹೊಟ್ಟೆಯ ಮೇಲೆ ಗುರುತು ಹಾಕಬೇಕು. ಮಲಗಿಸಿ ಮಾತ್ರವಲ್ಲ, ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಬೇಕು. ಸೀರೆಯ ನೆರಿಗೆ ಎಲ್ಲಿ ಬರುತ್ತದೆ, ಸಲ್ವಾರ್‌ನ ಲಾಡಿ ಎಲ್ಲಿ ಕಟ್ಟುತ್ತಾರೆ, ಸುಜೂದ್‌ನಲ್ಲಿ ಹೊಟ್ಟೆ ಎಲ್ಲಿ ಮಡಚುತ್ತದೆ ಎಂದು ಕೇಳಬೇಕು. ಕಲಿತ ನರ್ಸ್ ಇದ್ದರೆ ಈ ಐದು ನಿಮಿಷದ ಕೆಲಸ ಮುಂದಿನ ಇಪ್ಪತ್ತು ವರ್ಷಗಳ ಕಿರಿಕಿರಿಯನ್ನು ತಪ್ಪಿಸುತ್ತದೆ.

ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಸೊಸೆ, ಮಗಳು. ಅವರಿಗೆ ಹೇಳಿಕೊಡಬೇಕಾದದ್ದು ಬಹಳವೇನಿಲ್ಲ. ಸ್ಟೋಮಾ ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರಬೇಕು. ಮುಟ್ಟಿದರೆ ನೋಯುವುದಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಕಪ್ಪಗೆ ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಓಡಬೇಕು. ಚೀಲ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬಿದಾಗಲೇ ಖಾಲಿ ಮಾಡಬೇಕು, ಪೂರ್ತಿ ತುಂಬಲು ಬಿಟ್ಟರೆ ಭಾರಕ್ಕೆ ಕಿತ್ತುಬರುತ್ತದೆ. ಚೀಲದ ರಂಧ್ರವನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಅಗಲವಾಗಿ ಕತ್ತರಿಸಬೇಕು. ಹೆಚ್ಚು ಕತ್ತರಿಸಿದರೆ ಮಲ ಚರ್ಮಕ್ಕೆ ತಾಗಿ ಹುಣ್ಣಾಗುತ್ತದೆ. ಚರ್ಮವನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು, ಡೆಟಾಲ್ ಹಚ್ಚಬಾರದು. ತುಂಬಿದ ಕೊಡ ಎತ್ತಬಾರದು, ಹರ್ನಿಯಾ ಆಗುವ ಅಪಾಯವಿದೆ. ಜೋಳದ ರೊಟ್ಟಿಯನ್ನು ಜೀವನಪೂರ್ತಿ ಬಿಡಬೇಕಾಗಿಲ್ಲ, ಗಾಯ ಮಾಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಬಹುದು.

ಖಾಲಾ ನನ್ನ ಬಳಿ ಕೇಳಿದ ಮೊದಲ ಪ್ರಶ್ನೆ ಇದ್ಯಾವುದೂ ಆಗಿರಲಿಲ್ಲ. "ಬೇಟಿ, ಇನ್ನು ನನ್ನ ನಮಾಝ್ ಆಗುತ್ತದೆಯೇ?" ಎಂದರು. ಎರಡು ತಿಂಗಳಿಂದ ಜಾನಮಾಝ್ ಮಡಚಿಟ್ಟಿದ್ದರು. ಇದಕ್ಕೆ ಉತ್ತರಿಸಬೇಕಾದವರು ಉಲಮಾಗಳು, ನರ್ಸ್ ಅಲ್ಲ. ಆದರೆ ನರ್ಸ್‌ಗೆ ಈ ಪ್ರಶ್ನೆ ಬರುತ್ತದೆಂಬುದು ಗೊತ್ತಿರಬೇಕು. ಮಸೀದಿಯ ಇಮಾಮರನ್ನು ಕೇಳಿಸಿದೆವು. ತಡೆಯಲಾಗದೆ ಹೊರಬರುವ ಇಂತಹ ತೊಂದರೆ ಇರುವವರು ವಿನಾಯಿತಿಗೆ ಅರ್ಹರು, ಪ್ರತಿ ನಮಾಝಿನ ಹೊತ್ತಿಗೆ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಲಿ ಎಂದು ಅವರು ತಿಳಿಸಿದರು. ಖಾಲಾ ಅಂದು ಅತ್ತ ಅಳು, ಶಸ್ತ್ರಚಿಕಿತ್ಸೆಯ ದಿನವೂ ಅತ್ತಿರಲಿಲ್ಲ.

ಫಾರ್ಮಸಿಸ್ಟ್ ಕಲಿತರೆ?

ಶಸ್ತ್ರಚಿಕಿತ್ಸೆಯ ನಂತರ ಖಾಲಾಗೆ ಕೀಮೊಥೆರಪಿ ಇತ್ತು. ಅದರಲ್ಲಿ ಕೆಪಸಿಟಬಿನ್ ಎಂಬ ಮಾತ್ರೆಯನ್ನು ಮನೆಯಲ್ಲೇ ತೆಗೆದುಕೊಳ್ಳಬೇಕು. ಕ್ಯಾನ್ಸರ್ ಚಿಕಿತ್ಸೆ ಈಗ ಹೀಗೆ ನಮ್ಮ ಅಡುಗೆಮನೆಯ ಕಪಾಟಿನವರೆಗೆ ಬಂದಿದೆ. ಹಾಗಾಗಿ ಮೆಡಿಕಲ್ ಶಾಪಿನವರ ಜವಾಬ್ದಾರಿ ಮೊದಲಿಗಿಂತ ಹೆಚ್ಚಾಗಿದೆ.

ಈ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು, ಊಟವಾದ ಅರ್ಧ ಗಂಟೆಯೊಳಗೆ, 14 ದಿನ ತೆಗೆದುಕೊಂಡು 7 ದಿನ ಬಿಡಬೇಕು. ಮಾತ್ರೆ ಮುಗಿಯಿತೆಂದು ಆ ಬಿಡುವಿನ ವಾರದಲ್ಲೇ ಮತ್ತೆ ತಂದು ನುಂಗಿಸಿದರೆ ಅಪಾಯ. ಪುಡಿ ಮಾಡಿ ಕೊಡಬಾರದು. ಅಂಗೈ, ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳಬಹುದು. ಭೇದಿ ಜೋರಾದರೆ ಅಂಗಡಿಯಲ್ಲಿ ಭೇದಿ ನಿಲ್ಲುವ ಮಾತ್ರೆ ತಂದು ಸುಮ್ಮನಾಗದೆ, ಕೆಪಸಿಟಬಿನ್ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಜೊತೆ ಇದು ಹೊಂದುವುದಿಲ್ಲ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ರಕ್ತಹೀನತೆ ಕಂಡ ಕೂಡಲೇ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಅದು ಈ ಔಷಧದ ಅಡ್ಡಪರಿಣಾಮವನ್ನು ಹೆಚ್ಚಿಸಬಹುದು. ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೊಡಬಾರದು. ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾತ್ರೆಯೇ ಹೀಗೆ ತೊಂದರೆಯಾಗಬಹುದಲ್ಲವೇ?

ಡ್ರಿಪ್ ಮೂಲಕ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಔಷಧಿಯಿಂದ ತಣ್ಣೀರು ತಾಗಿದರೆ ಬೆರಳುಗಳಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ, ತಣ್ಣನೆಯದು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ನಮ್ಮ ಕಡೆ ಡಿಸೆಂಬರ್‌ನ ಫಜರ್ ಹೊತ್ತಿನ ನೀರು ಹೇಗಿರುತ್ತದೆಂದು ನಿಮಗೆ ಗೊತ್ತು. ವುಝೂಗೆ ನೀರು ಬೆಚ್ಚಗೆ ಮಾಡಿಕೊಡಿ ಎಂಬ ಒಂದೇ ಮಾತು ಖಾಲಾಗೆ ಎಷ್ಟೋ ನೆಮ್ಮದಿ ಕೊಟ್ಟಿತು. ಬೆರಳಿನ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಮಗ್ಗದಲ್ಲಿ ಸಣ್ಣ ಗಂಟು ಹಾಕುವ ಕೆಲಸವನ್ನು ಈಗ ಮಗಳು ಮಾಡುತ್ತಾಳೆ, ಖಾಲಾ ಬಣ್ಣ ಆರಿಸಿಕೊಡುತ್ತಾರೆ. ಮಾತ್ರೆ ಇದ್ದ ದಿನಗಳಲ್ಲಿ ರಮಝಾನ್ ಬಂದಾಗ ಉಪವಾಸ ಬಿಡಲು ಅವರಿಗೆ ಮನಸ್ಸೇ ಇರಲಿಲ್ಲ. ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ನೆನಪಿಸಿ ಒಪ್ಪಿಸಬೇಕಾಯಿತು.

ಆ ತರಬೇತಿಗೆ ಬಂದಿದ್ದವರಲ್ಲಿ ತಾಲೂಕು ಪಟ್ಟಣವೊಂದರ ಔಷಧಿ ಅಂಗಡಿಯವರೂ ಇದ್ದರು. ಅವರು ಈಗ ಮೂಲವ್ಯಾಧಿ ಮುಲಾಮು ಕೇಳಿ ಬಂದವರಿಗೆ ಮೂರು ಪ್ರಶ್ನೆ ಕೇಳುತ್ತಾರೆ: ಯಾರಿಗೆ, ವಯಸ್ಸೆಷ್ಟು? ಎಷ್ಟು ದಿನದಿಂದ? ರಕ್ತ ಬೀಳುತ್ತಿದೆಯೇ? ಎರಡನೇ ಬಾರಿ ಮುಲಾಮಿಗೆ ಬಂದವರಿಗೆ ಒಂದು ಸಣ್ಣ ಚೀಟಿ ಬರೆದುಕೊಡುತ್ತಾರೆ, "ವೈದ್ಯರಿಗೆ ತೋರಿಸಿ, ಬೆರಳಿನಿಂದ ಪರೀಕ್ಷೆ ಆಗಲಿ" ಎಂದು. ಕೆಲವರು ಸಿಟ್ಟು ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರಂತೆ. "ಗಿರಾಕಿ ಹೋದರೆ ಹೋಗಲಿ ಅಕ್ಕಾ" ಎಂದರು. ಚೀಟಿ ಹಿಡಿದು ಹೋದ ಒಬ್ಬ ಅಜ್ಜಿಗೆ ಗಡ್ಡೆ ಸಣ್ಣದಿರುವಾಗಲೇ ಸಿಕ್ಕಿತು. ಉಳಿದವರಲ್ಲಿ ಹೆಚ್ಚಿನವರಿಗೆ ಬರೀ ಮೂಲವ್ಯಾಧಿಯೇ ಇತ್ತು. ಅದೂ ಸಂತೋಷದ ಸುದ್ದಿಯೇ ಅಲ್ಲವೇ?

ಕಲಿಕೆ ಕಾನೂನಿನಲ್ಲೂ ಇದೆ

ಇದು ಅವರವರ ಇಷ್ಟಕ್ಕೆ ಬಿಟ್ಟ ಮಾತಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಐದು ವರ್ಷಗಳಲ್ಲಿ ಒಂದೊಂದು ದಿನದ ಕನಿಷ್ಠ ಎರಡು ಪುನಶ್ಚೇತನ ತರಬೇತಿಗೆ ಹಾಜರಾಗಬೇಕು. ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ 150 ಗಂಟೆಗಳ ಮುಂದುವರಿದ ಕಲಿಕೆಯನ್ನು ಇಟ್ಟಿದೆ. ಆದರೆ ಗಂಟೆ ಲೆಕ್ಕ ಮಾಡುವುದು ಸುಲಭ. ಆ ಗಂಟೆಗಳಲ್ಲಿ ಏನು ಕಲಿಸುತ್ತಾರೆ ಎಂಬುದು ಮುಖ್ಯ. ಊಟ, ಸರ್ಟಿಫಿಕೇಟ್, ಗುಂಪು ಫೋಟೋ, ಇಷ್ಟರಲ್ಲೇ ಮುಗಿಯುವ ತರಬೇತಿಗಳೂ ಇವೆ. ಕನ್ನಡದಲ್ಲಿ ಹೇಳಿಕೊಡುವ, ಚೀಲವನ್ನು ಕೈಗೆ ಕೊಡುವ, ಹಳ್ಳಿಯ ರೋಗಿಯ ಪ್ರಶ್ನೆಗಳಿಂದ ಶುರುವಾಗುವ ತರಬೇತಿ ತಾಲೂಕು ಮಟ್ಟದಲ್ಲೇ ಆಗಬೇಕು. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ಎಂದು ಘೋಷಿಸಲಾಯಿತು. ಕೀಮೊ ನಮ್ಮ ಹತ್ತಿರಕ್ಕೆ ಬಂದಂತೆಲ್ಲ, ಮನೆಗೆ ಮರಳಿದ ರೋಗಿಯನ್ನು ನೋಡಿಕೊಳ್ಳುವ ನರ್ಸ್ ಕೂಡ ಹತ್ತಿರದಲ್ಲೇ ಇರಬೇಕಲ್ಲವೇ?

ಇನ್ನು ನಿಮ್ಮ ಪಾಲಿನ ಕೆಲಸ

ಸಹೋದರಿಯರೇ, ಮಲದಲ್ಲಿ ರಕ್ತ, ಮೂರು ನಾಲ್ಕು ವಾರ ದಾಟಿದರೂ ಸರಿಹೋಗದ ಮಲಬದ್ಧತೆ ಅಥವಾ ಭೇದಿ, ಹೊಟ್ಟೆ ಖಾಲಿಯಾಗಿಲ್ಲವೆಂಬ ಭಾವನೆ, ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟು ನಿಂತ ಮೇಲೂ ಕಾಡುವ ರಕ್ತಹೀನತೆ, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡಬೇಡಿ. ರಕ್ತದ ಬಣ್ಣ ನೋಡಿ ಇದು ಮೂಲವ್ಯಾಧಿಯೇ ಎಂದು ನೀವೇ ತೀರ್ಮಾನಿಸಬೇಡಿ. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ಲಕ್ಷಣವಿಲ್ಲದಿದ್ದರೂ ವೈದ್ಯರ ಸಲಹೆ ಪಡೆಯಿರಿ. ಗಂಡಸು ವೈದ್ಯರ ಬಳಿ ಸಂಕೋಚವಾದರೆ ಮೊದಲು ನಮ್ಮ ಬಳಿ, ನರ್ಸ್‌ಗಳ ಬಳಿ ಹೇಳಿ. ವೈದ್ಯೆಯರೂ ಇದ್ದಾರೆ, ಪರೀಕ್ಷೆಯ ಹೊತ್ತಿಗೆ ನಾವೂ ಜೊತೆಗಿರುತ್ತೇವೆ.

ಖರ್ಚಿನ ಭಯದಿಂದ ತಡ ಮಾಡಬೇಡಿ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ, ಎಲ್ಲಿಂದ ಹೊರಟರೂ ಹುಬ್ಬಳ್ಳಿಗೆ ನೇರ ಬಸ್ಸಿದೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ ಅಲ್ಲಿದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಅವಕಾಶವಿದೆ, ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಹೊರಡುವಾಗ ಕಾರ್ಡುಗಳನ್ನೂ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನೂ ಮರೆಯಬೇಡಿ. ಆದರೆ ಮನೆಗೆ ಬಂದ ಮೇಲಿನ ಚೀಲಗಳ ಖರ್ಚು ಸಾಮಾನ್ಯವಾಗಿ ಮನೆಯವರ ಮೇಲೆಯೇ ಬೀಳುತ್ತದೆ. ಒಂದೊಂದು ಚೀಲಕ್ಕೆ ನೂರಾರು ರೂಪಾಯಿ. ಝಕಾತ್, ಸದಕಾ ಕೊಡುವಾಗ ನಿಮ್ಮ ಓಣಿಯಲ್ಲಿ ಅರ್ಹರಾದ ಇಂತಹವರು ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಅವರು ತಾವಾಗಿ ಕೇಳುವುದಿಲ್ಲ.

ನಿಮ್ಮ ಮಗಳು ನರ್ಸಿಂಗ್ ಅಥವಾ ಡಿ.ಫಾರ್ಮ್ ಓದುತ್ತೇನೆಂದರೆ ತಡೆಯಬೇಡಿ. ಸೊಸೆ ನೌಕರಿಯಲ್ಲಿದ್ದು ತರಬೇತಿಗೆ ಹೊರಟರೆ, ಆ ಒಂದು ದಿನ ಮಕ್ಕಳನ್ನು ನೀವು ನೋಡಿಕೊಳ್ಳಿ. ಅವಳು ಅಲ್ಲಿ ಕಲಿತದ್ದು ಯಾರದೋ ಮನೆಗೆ ಹೋಗುತ್ತದೆ. ಯಾರಿಗೆ ಗೊತ್ತು, ಅದು ನಿಮ್ಮದೇ ಮನೆಯೂ ಇರಬಹುದು. ಮುಂದಿನ ಸಲ ಔಷಧಿ ಅಂಗಡಿಯವರು ಮುಲಾಮು ಕೊಡುವ ಮೊದಲು "ಯಾರಿಗೆ? ಎಷ್ಟು ದಿನದಿಂದ?" ಎಂದು ಕೇಳಿದರೆ ಮುಜುಗರಪಡಬೇಡಿ. ಉತ್ತರ ಕೊಡಿ. ಕೇಳದಿದ್ದರೆ ನೀವೇ ಹೇಳಿ.